ಒಂದೇ ಪವರ್‌ಗೆ ಎರಡು ಸೂತ್ರ ಏಕೆ?

ಪ್ರಶ್ನೆ: ಮೇಷ್ಟ್ರೇ, ಪವರ್ ಲೆಕ್ಕಕ್ಕೆ ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿ ಎನ್ನುತ್ತದೆ ಒಂದು ಸೂತ್ರ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿ ಎನ್ನುತ್ತದೆ ಇನ್ನೊಂದು. ರೋಧ ಹೆಚ್ಚಿದರೆ ಮೊದಲನೆಯದರಲ್ಲಿ ಪವರ್ ಏರುತ್ತದೆ, ಎರಡನೆಯದರಲ್ಲಿ ಇಳಿಯುತ್ತದೆ. ಎರಡೂ ಸರಿಯಾಗುವುದು ಹೇಗೆ? 12 ವೋಲ್ಟ್ ಬ್ಯಾಟರಿಯಿಂದ 15 ಮೀಟರ್ ದೂರದ 24 ವಾಟ್ ಫಿಲಮೆಂಟ್ ಬಲ್ಬಿಗೆ 1 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದಿದ್ದೇನೆ. ಬೆಳಕು ಮಂಕು. ಇಲ್ಲಿ ಯಾವ ಸೂತ್ರ ಹಾಕಲಿ?
– ಎಲೆಕ್ಟ್ರಿಕಲ್ ವಿದ್ಯಾರ್ಥಿನಿ

ಉತ್ತರ: ಸೂತ್ರವನ್ನು ಬರೀ ಬಾಯಿಪಾಠ ಮಾಡಿದವರಿಗೆ ಈ ಅನುಮಾನ ಹುಟ್ಟುವುದೇ ಇಲ್ಲ. ನಿಮಗೆ ಹುಟ್ಟಿದ್ದು ನನಗೆ ತುಂಬ ಸಂತೋಷ.

ಎರಡೂ ಸರಿ. ಪವರ್ ಎಂದರೆ ವೋಲ್ಟೇಜ್ × ಕರೆಂಟ್. ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ವೋಲ್ಟೇಜ್ = ಕರೆಂಟ್ × ರೋಧ. ಇವೆರಡನ್ನು ಸೇರಿಸಿದರೆ ನಿಮ್ಮ ಎರಡೂ ಸೂತ್ರ ಸಿಗುತ್ತವೆ. ಆದರೆ ‘ರೋಧ ಹೆಚ್ಚಿದರೆ’ ಎಂದಿರಿ. ಆಗ ಬದಲಾಗದೆ ಇರುವುದು ಯಾವುದು ಎಂದು ಹೇಳಲಿಲ್ಲ. ವೋಲ್ಟೇಜ್ ಸ್ಥಿರವಾಗಿದ್ದರೆ ಪವರ್ ಇಳಿಯುತ್ತದೆ, ಕರೆಂಟ್ ಸ್ಥಿರವಾಗಿದ್ದರೆ ಏರುತ್ತದೆ.

ಈಗ ನಿಮ್ಮ ಬಲ್ಬು. 24 ವಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 2 ಆಂಪಿಯರ್. 12 ವೋಲ್ಟನ್ನು 2 ಆಂಪಿಯರ್‌ನಿಂದ ಭಾಗಿಸಿದರೆ ರೋಧ 6 ಓಮ್. (ಇದು ಉರಿಯುವಾಗಿನ ರೋಧ. ಆರಿದ ಬಲ್ಬಿಗೆ ಮಲ್ಟಿಮೀಟರ್ ಹಿಡಿದರೆ ಇದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ, ತಣ್ಣನೆಯ ಫಿಲಮೆಂಟಿನ ಗುಣವೇ ಅದು.) ತಂತಿ ಹೋಗಿ ಬರುವ ಒಟ್ಟು ಉದ್ದ 30 ಮೀಟರ್, ರೋಧ ಸುಮಾರು 0.5 ಓಮ್. ವಾಪಸು ಬರುವ ತಂತಿಯನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ತಂತಿ, ಬಲ್ಬು ಎರಡೂ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು ಇರುವುದರಿಂದ ಒಟ್ಟು 6.5 ಓಮ್. ಬಲ್ಬಿನ ರೋಧ ಹೆಚ್ಚು ಬದಲಾಗದು ಎಂದಿಟ್ಟುಕೊಂಡರೆ ಕರೆಂಟ್ 12 ÷ 6.5, ಅಂದರೆ ಸುಮಾರು 1.85 ಆಂಪಿಯರ್. ತಂತಿಯಲ್ಲೇ 0.9 ವೋಲ್ಟ್ ಕಳೆದು ಬಲ್ಬಿಗೆ ಉಳಿಯುವುದು 11.1 ವೋಲ್ಟ್. ಬಲ್ಬಿನ ಪವರ್ 20.5 ವಾಟ್, ತಂತಿ ಬಿಸಿಯಾಗಿ ಕಳೆಯುವುದು 1.7 ವಾಟ್. ಪವರ್ ಇಳಿದದ್ದಕ್ಕಿಂತಲೂ ಜೋರಾಗಿ ಫಿಲಮೆಂಟಿನ ಬೆಳಕು ಕುಗ್ಗುತ್ತದೆ, ಅದೇ ನಿಮಗೆ ಕಂಡ ಮಂಕು.

ತಂತಿಯ ಪವರ್ ತೆಗೆಯಲು ಹೋಗಿ 12ರ ವರ್ಗವನ್ನು 0.5ರಿಂದ ಭಾಗಿಸುವವರಿದ್ದಾರೆ. ಉತ್ತರ 288 ವಾಟ್! ಬ್ಯಾಟರಿ ಕೊಡುತ್ತಿರುವುದೇ 22 ವಾಟ್. ಆ 12 ವೋಲ್ಟ್ ಇಡೀ ಸರ್ಕೀಟಿನದು, ತಂತಿಯ ಪಾಲು 0.9 ಮಾತ್ರ. ಯಾವ ಭಾಗದ ಪವರ್ ಬೇಕೋ ಆ ಭಾಗದ ಎರಡು ತುದಿಗಳ ನಡುವಿನ ವೋಲ್ಟೇಜನ್ನೇ ಹಾಕಬೇಕು. ಸರಣಿಯಲ್ಲಿ ಕರೆಂಟ್ ಎಲ್ಲ ಕಡೆ ಒಂದೇ ಆದ್ದರಿಂದ ಅಲ್ಲಿ ಕರೆಂಟಿನ ವರ್ಗದ ಸೂತ್ರವೇ ನನಗಿಷ್ಟ. ಎಡವುವ ಸಂಭವ ಕಡಿಮೆ.

2.5 ಚದರ ಮಿಲಿಮೀಟರ್ ತಂತಿ ಹಾಕಿದರೆ ರೋಧ ಸುಮಾರು 0.2 ಓಮಿಗೆ, ನಷ್ಟ 0.4 ವೋಲ್ಟಿಗೆ ಇಳಿಯುತ್ತದೆ. ಅದಕ್ಕೂ ಮೊದಲು ಬಲ್ಬ್ ಉರಿಯುತ್ತಿರುವಾಗಲೇ ಬ್ಯಾಟರಿಯ ಬಳಿ ಒಮ್ಮೆ, ಹೋಲ್ಡರಿನ ಬಳಿ ಒಮ್ಮೆ ವೋಲ್ಟೇಜ್ ಅಳೆಯಿರಿ. ಬಲ್ಬ್ ತೆಗೆದು ಅಳೆದರೆ ಕರೆಂಟ್ ಹರಿಯದೆ ಎರಡೂ ಕಡೆ ಒಂದೇ ವೋಲ್ಟೇಜ್ ತೋರಿಸಿ ದಾರಿ ತಪ್ಪಿಸುತ್ತದೆ. ವ್ಯತ್ಯಾಸ 0.9ಕ್ಕಿಂತ ಬಹಳ ಹೆಚ್ಚಿದ್ದರೆ ತಂತಿ ಬದಲಿಸುವ ಮುನ್ನ ಜಾಯಿಂಟುಗಳನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿ.