ಫ್ರೆಂಡ್‌ಶಿಪ್ ಪೀಕ್ ಹತ್ತಲು ಯಾವ ಪುಟ್ಟ ಫಿಲ್ಮ್ ಕ್ಯಾಮೆರಾ, ಯಾವ ರೋಲು?

ನಿಮ್ಮ ಪ್ರಶ್ನೆ ಇಷ್ಟು: ಊರು ಕುಂಬಳೆ, ಮೇ ಕೊನೆಗೆ ಮನಾಲಿ ಕಡೆಯ ಫ್ರೆಂಡ್‌ಶಿಪ್ ಪೀಕ್ ಹತ್ತುವವರಿದ್ದೀರಿ. ಡಿಜಿಟಲ್ ಬೇಡ, ಜಾಕೆಟಿನ ಜೇಬಿಗೆ ಹಿಡಿಯುವ ಫಿಲ್ಮ್ ಕ್ಯಾಮೆರಾ ಬೇಕು. ಒಲಿಂಪಸ್ ಮ್ಯೂ 2 ಒಳ್ಳೆಯದೋ ಎಕ್ಸ್‌ಎ2 ಒಳ್ಳೆಯದೋ, ಒಳಗೆ ವೆಲ್ವಿಯಾ ಎಂಬ ಸ್ಲೈಡ್ ಫಿಲ್ಮ್ ಹಾಕಿದರೆ ಆದೀತೋ ಎಂದು ಕೇಳಿದ್ದೀರಿ.

ಎಕ್ಸ್‌ಎ2 ತೆಗೆದುಕೊಳ್ಳಿ. ವೆಲ್ವಿಯಾ ಬೇಡ, ಕೊಡಾಕ್ ಗೋಲ್ಡ್ 200 ಹಾಕಿ. ಬ್ಯಾಟರಿಯ ರಗಳೆಯೇ ಬೇಡ, ಸ್ವಲ್ಪ ಭಾರವಾದರೂ ಅಡ್ಡಿಯಿಲ್ಲ ಎನ್ನುವುದಾದರೆ ಒಲಿಂಪಸ್ ಟ್ರಿಪ್ 35.

ಕ್ಯಾಮೆರಾ ಆರಿಸುವಾಗ ಎಲ್ಲರೂ ಮೊದಲು ಲೆನ್ಸ್ ಎಷ್ಟು ಶಾರ್ಪ್ ಎಂದು ನೋಡುತ್ತಾರೆ. ಬೆಟ್ಟಕ್ಕೆ ಅದು ಕೊನೆಯ ಪ್ರಶ್ನೆ. ಹಗಲು ಬಿಸಿಲಲ್ಲಿ ಎಫ್/8ರ (ಲೆನ್ಸಿನ ತೂತಿನ ಅಳತೆ; ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು) ಆಸುಪಾಸಿನಲ್ಲಿ ಈ ಎಲ್ಲ ಲೆನ್ಸುಗಳೂ ಬೇಕಾದಷ್ಟು ಚೆನ್ನಾಗಿಯೇ ಇವೆ. ಕೈಗವಸು ಹಾಕಿಕೊಂಡು ಬಳಸಲು ಬರುತ್ತದೆಯೇ, ಚಳಿಗೆ ಶಟರ್ ಓಡುತ್ತದೆಯೇ, ಹಿಮದ ಬೆಳಕಿಗೆ ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳುವ ಬೆಳಕಿನ ಪ್ರಮಾಣ) ತಿದ್ದಲು ದಾರಿ ಇದೆಯೇ ಎಂಬ ಮೂರೇ ವಿಷಯ ಅಲ್ಲಿ ನಡೆಯುವುದು. 1953ರಲ್ಲಿ ಎವರೆಸ್ಟ್ ತುದಿಯಲ್ಲಿ ಹಿಲರಿ ತೇನ್‌ಸಿಂಗರ ಫೋಟೋ ತೆಗೆದದ್ದು ಕೊಡಾಕ್ ರೆಟಿನಾ ಎಂಬ ಮಡಚುವ ಕ್ಯಾಮೆರಾದಲ್ಲಿ. ಅದಾಗಲೇ ಹಳೆಯದಾಗಿದ್ದ, ಬ್ಯಾಟರಿಯೇ ಇಲ್ಲದ ಯಂತ್ರ. ತಣ್ಣಗಾಗದಂತೆ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಹತ್ತಿದ್ದರು.

ಮ್ಯೂ 2 ಹಗುರ, 35 ಎಂಎಂ ಎಫ್/2.8 ಲೆನ್ಸ್, ಹನಿ ನೀರು ತಡೆಯುವ ಮೈ, ಚಳಿಗೆ ಜಗ್ಗದ ಸಿಆರ್123ಎ ಲಿಥಿಯಂ ಬ್ಯಾಟರಿ. ಕಾಗದದ ಮೇಲೆ ಅದೇ ಗೆಲ್ಲಬೇಕು. ಆದರೆ ಅದು 1997ರ ಮಾಡೆಲ್, ನೀರು ತಡೆಯುವ ರಬ್ಬರಿಗೂ ಅಷ್ಟೇ ವಯಸ್ಸು. ಒಳಗಿನ ಸರ್ಕ್ಯೂಟ್ ಕೆಟ್ಟರೆ ರಿಪೇರಿ ಎಂಬುದಿಲ್ಲ. ಪ್ರತಿ ಸಲ ಮುಚ್ಚಳ ತೆರೆದಾಗ ಫ್ಲ್ಯಾಶ್ ಆಟೋಗೆ ಮರಳುತ್ತದೆ. ಮುಂಜಾನೆಯ ಮಬ್ಬಿನಲ್ಲಿ ಅದನ್ನು ಆಫ್ ಮಾಡಲು ಮರೆತರೆ ಹಾರುವ ಹಿಮದ ಕಣಗಳೆಲ್ಲ ಬಿಳಿ ಚುಕ್ಕೆಗಳಾಗಿ ಬೀಳುತ್ತವೆ. ಎಕ್ಸ್‌ಪೋಶರ್ ತಿದ್ದುವ ಗುಂಡಿಯಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಈಗಾಗಲೇ ಒಂದು ಇದ್ದರೆ ಸಂತೋಷವಾಗಿ ಒಯ್ಯಿರಿ. ಇಂದಿನ ಬೆಲೆ ಕೊಟ್ಟು ಬೆಟ್ಟಕ್ಕೆಂದೇ ಕೊಳ್ಳುವ ವಸ್ತು ಅದಲ್ಲ.

ಎಕ್ಸ್‌ಎ2 1980ರದ್ದು, ತೂಕ ಸುಮಾರು 200 ಗ್ರಾಂ, 35 ಎಂಎಂ ಎಫ್/3.5. ಮುಚ್ಚಳ ಪಕ್ಕಕ್ಕೆ ಜಾರಿಸಿದರೆ ರೆಡಿ. ಫೋಕಸಿಗೆ ಒಂದು ಸಣ್ಣ ಸರಿಕೆ, ಮೂರೇ ಜಾಗ: ಹತ್ತಿರ, ನಡುವೆ, ದೂರ. ಮುಚ್ಚಳ ಹಾಕಿದಾಗ ಅದು ತಾನಾಗಿ ನಡುವಿನ ಜಾಗಕ್ಕೆ ಮರಳುತ್ತದೆ. ಹಗ್ಗದಲ್ಲಿ ಮುಂದೆ ಹೋಗುವವರ ಫೋಟೋಗೆ ಅದೇ ಸರಿ. ಶಿಖರ, ಕಣಿವೆ ತೆಗೆಯುವಾಗ ಮಾತ್ರ ಸರಿಕೆಯನ್ನು ಬೆಟ್ಟದ ಗುರುತಿಗೆ, ಅಂದರೆ ದೂರದ ಜಾಗಕ್ಕೆ ತಳ್ಳಲು ಮರೆಯಬಾರದು. ಅದರ ನಿಜವಾದ ಬಲ ಲೆನ್ಸಿನ ಪಕ್ಕದಲ್ಲೇ ಇರುವ ಐಎಸ್ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎಂಬ ಅಂಕಿ) ಸೆಟ್ಟಿಂಗ್: ಹಿಮದ ಲೆಕ್ಕವನ್ನೆಲ್ಲ ಅಲ್ಲೇ ಹೊಂದಿಸಬಹುದು. ದೋಷವೆಂದರೆ ಕೆಂಪು ಶಟರ್ ಬಟನ್. ಮುಟ್ಟಿದರೆ ಸಾಕು ಹಾರುತ್ತದೆ, ದಪ್ಪ ಕೈಗವಸಿಗೆ ಗೊತ್ತೂ ಆಗುವುದಿಲ್ಲ. ಫ್ರೇಮ್ ಕಟ್ಟಿ ಆಗುವವರೆಗೆ ಬೆರಳು ಅತ್ತ ಹೋಗಬಾರದು, ಕೆಲಸವಾದ ಕೂಡಲೇ ಮುಚ್ಚಳ ಎಳೆಯಬೇಕು. ರೋಲು ಮುಂದೆ ತಳ್ಳುವ ಹಲ್ಲಿನ ಚಕ್ರಕ್ಕೂ ದಪ್ಪ ಗವಸು ಆಗದು. ಒಳಗೊಂದು ತೆಳ್ಳನೆಯ ಗವಸು ಹಾಕಿಕೊಳ್ಳಿ.

ಬ್ಯಾಟರಿ ಇಲ್ಲದಿದ್ದರೆ ಎಕ್ಸ್‌ಎ2 ಒಂದು ಫೋಟೋವನ್ನೂ ತೆಗೆಯುವುದಿಲ್ಲ. ಎರಡು ಗುಂಡಿ ಸೆಲ್ ಬೇಕು, ನಾಲ್ಕು ಕೊಳ್ಳಿ. ಕಾಸರಗೋಡು ಪೇಟೆಯ ಗಡಿಯಾರದ ಅಂಗಡಿಯಲ್ಲಿ ಕೇಳಿದರೆ ಎಲ್‌ಆರ್44 ಕೈಗಿಟ್ಟಾರು. ಅದು ಆಲ್ಕಲೈನ್, ಚಳಿಯಲ್ಲಿ ಬೇಗ ಸೋಲುತ್ತದೆ. ಎಸ್‌ಆರ್44 ಅಥವಾ 357 ಎಂದು ಬರೆದಿರುವ ಸಿಲ್ವರ್ ಆಕ್ಸೈಡ್ ಸೆಲ್ಲನ್ನೇ ಕೇಳಿ ಪಡೆಯಿರಿ. ಅಳತೆ ಒಂದೇ, ಕೊನೆಯವರೆಗೂ ವೋಲ್ಟೇಜ್ ಸ್ಥಿರ. ಬದಲಿ ಜೋಡಿ ಮೈಗೆ ತಾಗುವ ಒಳಜೇಬಿನಲ್ಲಿರಲಿ. ಚಳಿಗೆ ಸತ್ತಂತೆ ಕಂಡ ಸೆಲ್ ಅಂಗೈ ಬಿಸಿಗೆ ಮತ್ತೆ ಏಳುವುದುಂಟು, ಆತುರಪಟ್ಟು ಎಸೆಯಬೇಡಿ.

ಟ್ರಿಪ್ 35ಕ್ಕೆ ಈ ತಲೆನೋವಿಲ್ಲ. ಲೆನ್ಸಿನ ಸುತ್ತ ಗುಳ್ಳೆಗುಳ್ಳೆಯಾಗಿ ಕಾಣುವ ಗಾಜಿನ ಹಿಂದೆ ಸೆಲೀನಿಯಂ ಸೆಲ್ ಇದೆ, ಬೆಳಕೇ ಅದರ ಕರೆಂಟು. ಶಟರ್ ವೇಗ ಎರಡೇ, 1/40 ಮತ್ತು 1/200. ಐಎಸ್ಒ 25ರಿಂದ 400. ಬೆಳಕು ಸಾಲದಿದ್ದರೆ ಕಿಟಕಿಯಲ್ಲಿ ಕೆಂಪು ಬಾವುಟ ಎದ್ದು ಶಟರ್ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬೆಳಗಾಗುವ ಮೊದಲಿನ ನಡಿಗೆಗೆ, ಟೆಂಟಿನ ಒಳಗಿನ ಮುಖಗಳಿಗೆ ಅದು ಪ್ರಯೋಜನವಿಲ್ಲ. ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ರಿಂಗನ್ನು ‘ಎ’ (ಆಟೋ) ಮೇಲಿಟ್ಟು ಲೆನ್ಸನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಒತ್ತಿ: ಬಾವುಟ ಬರಲೇಬೇಕು. ಆಮೇಲೆ ಅಂಗಳದ ಬಿಸಿಲಿಗೂ ಜಗಲಿಯ ನೆರಳಿಗೂ ತಿರುಗಿಸಿ ಒತ್ತುತ್ತ ಲೆನ್ಸಿನೊಳಗೆ ಇಣುಕಿ: ತೂತು ಬಿಸಿಲಲ್ಲಿ ಚಿಕ್ಕದಾಗಿ, ನೆರಳಲ್ಲಿ ದೊಡ್ಡದಾಗಬೇಕು. ಎರಡೂ ಕಡೆ ಒಂದೇ ಅಳತೆ ಇದ್ದರೆ ಅಪರ್ಚರ್ ಎಲೆಗಳಿಗೆ ಎಣ್ಣೆ ಇಳಿದು ಅಂಟಿವೆ, ಬಿಸಿಲಲ್ಲೂ ಬಾವುಟ ಎದ್ದರೆ ಸೆಲ್ ಸತ್ತಿದೆ. ಎಲೆ ತೊಳೆಯಬಹುದು, ಸೆಲ್ ಸತ್ತದ್ದನ್ನು ಕೊಳ್ಳಬೇಡಿ.

ರೋಲೈ 35ರ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 1966ರ ಅದ್ಭುತ ಯಂತ್ರ, ಶಟರ್ ಪೂರ್ತಿ ಮೆಕ್ಯಾನಿಕಲ್, 40 ಎಂಎಂ ಟೆಸ್ಸಾರ್. ಆದರೆ ದೂರ ನೀವೇ ಅಂದಾಜಿಸಬೇಕು, ಎಲ್ಲ ಡಯಲ್ಲುಗಳೂ ಚಿಕ್ಕವು. ಶಟರ್ ಏರಿಸದೆ ಲೆನ್ಸ್ ಒಳಗೆ ತಳ್ಳಲು ಬರುವುದಿಲ್ಲ, ಒತ್ತಾಯ ಮಾಡಿದರೆ ಮುರಿಯುತ್ತದೆ. ಮೊದಲ ಆರೋಹಣಕ್ಕೆ ಬೇಡ. ಹೊಸದೇ ಬೇಕೆನ್ನುವವರಿಗೆ 2024ರಲ್ಲಿ ಬಂದ ಪೆಂಟಾಕ್ಸ್ 17 ಇದೆ: ಅರ್ಧ ಫ್ರೇಮ್, 36ರ ರೋಲಿನಲ್ಲಿ 72 ಚಿತ್ರ, ಶಿಖರದ ಮೇಲೆ ರೋಲು ಬದಲಿಸುವ ಗೋಳು ಬಹುತೇಕ ತಪ್ಪುತ್ತದೆ. ದುಬಾರಿ.

ನಮ್ಮ ಕಡೆ ಹಳೆ ಕ್ಯಾಮೆರಾ ಕೊಳ್ಳುವಾಗ ಚಳಿಗಿಂತ ಮೊದಲ ಶತ್ರು ಬೂಷ್ಟು. ಗಲ್ಫಿನಿಂದ ಬಂದು ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತ ಕ್ಯಾಮೆರಾಗಳು ಕಾಸರಗೋಡಿನ ಅನೇಕ ಮನೆಗಳಲ್ಲಿವೆ, ನಾಲ್ಕಾರು ಮಳೆಗಾಲ ಕಳೆದರೆ ಲೆನ್ಸಿನೊಳಗೆ ಬಲೆ ಹಬ್ಬಿರುತ್ತದೆ. ಎಕ್ಸ್‌ಎ2ನಲ್ಲಿ ನೋಡುವ ಕ್ರಮ ಹೀಗೆ: ಸೆಲ್ ಹಾಕಿ, ಹಿಂಬಾಗಿಲು ತೆರೆದು, ಲೆನ್ಸಿನ ಪಕ್ಕದ ಮೀಟರ್ ಕಿಟಕಿಯನ್ನು ಬೆರಳಿನಿಂದ ಮುಚ್ಚಿ, ಚಕ್ರ ತಿರುಗಿಸಿ ಒತ್ತಿ. ಕತ್ತಲೆ ಎಂದುಕೊಂಡು ಶಟರ್ ಎರಡು ಸೆಕೆಂಡಿನಷ್ಟು ತೆರೆದೇ ಇರುತ್ತದೆ. ಅಷ್ಟರಲ್ಲಿ ಮುಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ಓರೆಯಾಗಿ ನೋಡಿ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ತೊಂದರೆಯಿಲ್ಲ. ನಡುವೆ ಮಸುಕಿದ್ದರೆ ಎದುರು ಬಿಸಿಲಿಗೆ ಇಡೀ ಚಿತ್ರ ಹಾಲು ಚೆಲ್ಲಿದ ಹಾಗಾಗುತ್ತದೆ. ಹಿಂಬಾಗಿಲ ಅಂಚಿನ ಕಪ್ಪು ಸ್ಪಂಜು ಡಾಂಬರಿನಂತೆ ಅಂಟಿದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ ತೆಗೆದು ಹೊಸ ತೆಳು ಫೋಮ್ ಅಂಟಿಸಿ. ಬಿಟ್ಟರೆ ಹಿಮದ ಬೆಳಕು ಒಳಗೆ ಸೋರಿ ಕೆಂಪು ಪಟ್ಟಿ ಬೀಳುತ್ತದೆ. ಚರ್ಮದ ಚೀಲ ಜೊತೆಗೆ ಬಂದಿದ್ದರೆ ಎಸೆಯಿರಿ. ಬೂಷ್ಟಿನ ತವರು ಅದೇ.

ಇನ್ನು ಫಿಲ್ಮ್. ವೆಲ್ವಿಯಾ, ಎಕ್ಟಾಕ್ರೋಮ್‌ನಂಥ ಸ್ಲೈಡ್ ಫಿಲ್ಮಿಗೆ ಎಕ್ಸ್‌ಪೋಶರ್ ಅರ್ಧ ಸ್ಟಾಪ್ ತಪ್ಪಿದರೂ ಕಾಣುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಎತ್ತರದಲ್ಲಿ ಒಂದೇ ಫ್ರೇಮಿನಲ್ಲಿ ಕಣ್ಣು ಕುಕ್ಕುವ ಹಿಮವೂ ಕಪ್ಪು ಬಂಡೆಯೂ ಇರುತ್ತವೆ, ಆಟೊಮ್ಯಾಟಿಕ್ ಮೀಟರಿನ ಪುಟ್ಟ ಕ್ಯಾಮೆರಾಕ್ಕೆ ಅದನ್ನು ಅಷ್ಟು ನಿಖರವಾಗಿ ಹಿಡಿಯಲಾಗದು. ನೆರಳೆಲ್ಲ ನೀಲಿಗಟ್ಟುವುದು ಬೇರೆ. ಗೋಲ್ಡ್‌ನಂಥ ಕಲರ್ ನೆಗೆಟಿವ್ ಎರಡು ಸ್ಟಾಪ್ ಹೆಚ್ಚು ಬೆಳಕನ್ನು ಸುಲಭವಾಗಿ ತಾಳಿಕೊಳ್ಳುತ್ತದೆ, ಕಡಿಮೆಯನ್ನು ಒಂದು ಸ್ಟಾಪೂ ತಾಳುವುದು ಕಷ್ಟ. ಆದ್ದರಿಂದ ತಪ್ಪುವುದಾದರೆ ಹೆಚ್ಚಿನ ಕಡೆಗೇ ತಪ್ಪಲಿ.

ಈಗ ಲೆಕ್ಕ. ಮೀಟರ್ ತಾನು ಕಂಡದ್ದನ್ನೆಲ್ಲ ನಡು ಬೂದು ಎಂದು ತಿಳಿಯುತ್ತದೆ. ಬಿಳಿ ಹಿಮ ತುಂಬಿದ ಫ್ರೇಮನ್ನೂ ಬೂದಾಗಿಸಲು ಬೆಳಕು ಕತ್ತರಿಸುತ್ತದೆ. ಅದನ್ನು ಒಂದೂವರೆಯಿಂದ ಎರಡು ಸ್ಟಾಪ್ ಮೇಲೆತ್ತಬೇಕು. ಐಎಸ್ಒ ಅಂಕಿ ಅರ್ಧಕ್ಕಿಳಿಸಿದರೆ ಒಂದು ಸ್ಟಾಪ್ ಹೆಚ್ಚು ಬೆಳಕು ಸಿಗುತ್ತದೆ: ಗೋಲ್ಡ್ 200 ಹಾಕಿ ಸಾಮಾನ್ಯ ದೃಶ್ಯಕ್ಕೆ ಐಎಸ್ಒ 100ರಲ್ಲಿಡಿ, ಫ್ರೇಮಿನ ಅರ್ಧಕ್ಕಿಂತ ಹೆಚ್ಚು ಹಿಮವಿದ್ದರೆ 50ಕ್ಕೆ ಇಳಿಸಿ. ಅಷ್ಟೇ. ಮ್ಯೂ 2 ಇದ್ದವರು ರೋಲಿನ ಮೈಮೇಲಿರುವ ಬೆಳ್ಳಿ–ಕಪ್ಪು ಚೌಕಗಳ ಡಿಎಕ್ಸ್ ಕೋಡನ್ನು ಇನ್ಸುಲೇಶನ್ ಟೇಪಿನಿಂದ ಮುಚ್ಚಿದರೆ ಕ್ಯಾಮೆರಾ ಅದನ್ನು 100 ಎಂದೇ ಓದುತ್ತದೆ. 200ರ ರೋಲಿಗೆ ಒಂದು ಸ್ಟಾಪ್, 400ರ ರೋಲಿಗೆ ಎರಡು ಸ್ಟಾಪ್ ಪುಕ್ಕಟೆ ಸಿಕ್ಕಿತು. ಟೇಪಿನ ಅಂಚು ಏಳದಂತೆ ಉಗುರಿನಿಂದ ತೀಡಿ, ಎದ್ದರೆ ಒಳಗೆ ಸಿಕ್ಕಿಕೊಳ್ಳುತ್ತದೆ.

400ರ ಫಿಲ್ಮ್ ಹಗಲಿಗೆ ಬೇಡ. ಟ್ರಿಪ್‌ನ ಗರಿಷ್ಠ 1/200, ಎಫ್/22. ಹಿಮದ ಮೇಲಿನ ನಡುಹಗಲಿಗೆ 400 ಹಾಕಿದರೆ ಆ ಮಿತಿಯೂ ದಾಟುತ್ತದೆ. ಮುಂಜಾವಿಗೆ, ಟೆಂಟಿಗೆ, ಮೋಡ ಕವಿದ ದಿನಕ್ಕೆ ಪೋರ್ಟ್ರಾ 400 ಒಂದು ರೋಲು ಇರಲಿ. ಎಕ್ಟಾರ್ 100 ಆಕಾಶಕ್ಕೆ ಚೆಂದ, ಆದರೆ ಬಿಸಿಲಿಗೆ ಸುಟ್ಟ ಮುಖಗಳನ್ನು ಇನ್ನಷ್ಟು ಕೆಂಪು ಮಾಡುತ್ತದೆ. ಕಪ್ಪು–ಬಿಳುಪು ಆಸೆಯಿದ್ದರೆ ಇಲ್‌ಫರ್ಡ್ ಎಫ್‌ಪಿ4. ಕೆಂಪು ಫಿಲ್ಟರ್ ಮಾತ್ರ ಬೇಡ, ಅಲ್ಲಿನ ಆಕಾಶ ಮೊದಲೇ ಕಡುನೀಲಿ, ಇದ್ದಿಲಿನಂತೆ ಬಂದೀತು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಬ್ರಾಂಡಿನ ಹಳೆಯ ರೋಲು ಯಾರದೋ ಮನೆಯಲ್ಲಿ ಸಿಕ್ಕಿತೆಂದು ಕೆಲವರು ಕೇಳುವುದುಂಟು. ನೆನಪಿಗೆ ಇಟ್ಟುಕೊಳ್ಳಿ, ಬೆಟ್ಟಕ್ಕೆ ಒಯ್ಯಬೇಡಿ.

ಎಂಟು–ಹತ್ತು ದಿನಕ್ಕೆ 36ರ ಐದು ರೋಲು ಧಾರಾಳ: ನಾಲ್ಕು ಗೋಲ್ಡ್, ಒಂದು 400. ಆರನೆಯದೊಂದನ್ನು ಇಲ್ಲೇ ಮುಗಿಸಿ. ರಾಣಿಪುರಂ ಅದಕ್ಕೆ ಹೇಳಿ ಮಾಡಿಸಿದ ಜಾಗ, ಒಂದೇ ನಡಿಗೆಯಲ್ಲಿ ಕತ್ತಲೆಯ ಶೋಲಾ ಕಾಡೂ ಸಿಗುತ್ತದೆ, ಮೇಲೆ ಬೋಳು ಹುಲ್ಲುಗಾವಲೂ ಸಿಗುತ್ತದೆ. ಹಿಮದ ಅಭ್ಯಾಸಕ್ಕೆ ಬೇಕಲದ ಮರಳಿದೆ. ನಡುಹಗಲಲ್ಲಿ ಮರಳೇ ತುಂಬಿದ ಫ್ರೇಮನ್ನು ಐಎಸ್ಒ 200, 100, 50ರಲ್ಲಿ ಒಂದೊಂದು ತೆಗೆಯಿರಿ. ತೊಳೆಸಿದ ಮೇಲೆ ಸ್ಕ್ಯಾನ್ ನೋಡಿ ತೀರ್ಮಾನಿಸಬೇಡಿ, ಲ್ಯಾಬಿನ ಸ್ಕ್ಯಾನರ್ ಎಲ್ಲವನ್ನೂ ಸರಿಮಾಡಿ ತಪ್ಪು ಮುಚ್ಚುತ್ತದೆ. ನೆಗೆಟಿವನ್ನೇ ಕಿಟಕಿಗೆ ಹಿಡಿಯಿರಿ. ನೆರಳಿನ ಜಾಗದಲ್ಲಿ ಏನೂ ಇಲ್ಲದೆ ಬರೀ ಕಿತ್ತಳೆ ಬಣ್ಣ ಕಂಡರೆ ಬೆಳಕು ಸಾಲಲಿಲ್ಲ ಎಂದರ್ಥ.

ಪ್ರಯಾಣದಲ್ಲಿ ಒಂದು ಎಚ್ಚರ. ಮಂಗಳೂರು ಅಥವಾ ಕಣ್ಣೂರಿನಿಂದ ವಿಮಾನವಾದರೆ ರೋಲುಗಳನ್ನು ಚೆಕ್‌ಇನ್ ಚೀಲದಲ್ಲಿ ಹಾಕಲೇಬಾರದು, ಅಲ್ಲಿನ ಎಕ್ಸ್‌ರೇ ಬಲವಾದದ್ದು. ಡಬ್ಬಿ ತೆಗೆದು ಪಾರದರ್ಶಕ ಚೀಲದಲ್ಲಿಟ್ಟು ಕೈಯಿಂದ ತಪಾಸಣೆ ಮಾಡಿ ಎಂದು ಕೇಳಿ, ಮುಖ್ಯವಾಗಿ ಸಿಟಿ ಸ್ಕ್ಯಾನರ್ ಇರುವಲ್ಲಿ. ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವುದಾದರೆ ಈ ಚಿಂತೆ ಬಹುತೇಕ ಇಲ್ಲ. ಮೇ ತಿಂಗಳ ಸೆಕೆಯಲ್ಲಿ ಚೀಲ ಬಿಸಿಲು ಬೀಳುವ ಕಿಟಕಿಯ ಬದಿಗೆ ಬೇಡ, ಅಷ್ಟೇ. ಫ್ರಿಜ್ಜಿನಿಂದ ತೆಗೆದ ರೋಲನ್ನು ಡಬ್ಬಿ ತೆರೆಯದೆ ಎರಡು ಗಂಟೆ ಹೊರಗಿಡಿ, ಇಲ್ಲದಿದ್ದರೆ ನಮ್ಮ ಗಾಳಿಗೆ ಫಿಲ್ಮಿನ ಮೇಲೆ ನೀರು ಕೂರುತ್ತದೆ.

ಮೇಲೆ ಇದೇ ತೊಂದರೆ ಉಲ್ಟಾ ಬರುತ್ತದೆ. ತಣ್ಣಗಿನ ಕ್ಯಾಮೆರಾವನ್ನು ಉಸಿರಿನ ತೇವ ತುಂಬಿದ ಟೆಂಟಿಗೆ ತಂದರೆ ಲೆನ್ಸಿನ ಒಳಗೂ ಮಂಜು ಹಿಡಿಯುತ್ತದೆ, ಮತ್ತೆ ಹೊರಗೆ ಒಯ್ದಾಗ ಅದೇ ಮಂಜುಗಡ್ಡೆ. ಹೊರಗಿರುವಾಗಲೇ ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಆಮೇಲೆ ಒಳಗೆ ತನ್ನಿ. ನಡೆಯುವಾಗ ಬೆವರು ತಾಗುವ ಒಳಪದರದಲ್ಲಿ ಬೇಡ. ಫ್ಲೀಸಿನ ಜೇಬು ಸರಿಯಾದ ಜಾಗ. ಲೆನ್ಸಿನ ಮೇಲೆ ಹಿಮ ಬಿದ್ದರೆ ಬಾಯಿಂದ ಊದಬೇಡಿ, ಉಸಿರು ಅಲ್ಲೇ ಹೆಪ್ಪುಗಟ್ಟುತ್ತದೆ. ಸಣ್ಣ ರಬ್ಬರ್ ಬ್ಲೋವರ್ ಒಯ್ಯಿರಿ.

ಶಿಖರದ ದಿನದ ರೋಲನ್ನು ಹಿಂದಿನ ಸಂಜೆಯೇ, ಟೆಂಟಿನೊಳಗೆ ಹಾಕಿ. ಹಳೆಯದರಲ್ಲಿ ಹತ್ತು ಫ್ರೇಮ್ ಉಳಿದಿದ್ದರೂ ಸುತ್ತಿ ತೆಗೆಯಿರಿ. ಹಾಕಿದ ಮೇಲೆ ರಿವೈಂಡ್ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ ಸಡಿಲು ಬಿಗಿ ಮಾಡಿ, ಮುಂದಿನ ಫ್ರೇಮ್ ತಳ್ಳುವಾಗ ಅದೂ ಜೊತೆಗೆ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಫಿಲ್ಮ್ ಹಿಡಿದಿಲ್ಲ. ಇಡೀ ದಿನ ಖಾಲಿ ಕ್ಯಾಮೆರಾ ಒತ್ತುತ್ತೀರಿ. ಚಳಿಗೆ ಫಿಲ್ಮ್ ಒಣಗಿದ ಸೋಗೆಯಂತೆ ಗಡಸಾಗುತ್ತದೆ: ಜೋರಾಗಿ ಎಳೆದರೆ ಅಂಚಿನ ತೂತು ಹರಿಯುತ್ತದೆ, ವೇಗವಾಗಿ ಸುತ್ತಿದರೆ ಒಣಗಾಳಿಯಲ್ಲಿ ಸ್ಟ್ಯಾಟಿಕ್ ಕಿಡಿ ಹಾರಿ ಚಿತ್ರದ ಮೇಲೆ ಮಿಂಚಿನ ಕವಲಿನಂಥ ಗೆರೆ ಬೀಳುತ್ತದೆ. 36 ದಾಟಿದ ಮೇಲೆ ಇನ್ನೊಂದು ಸಿಕ್ಕೀತೆಂದು ಎಳೆಯುವ ಚಪಲ ಬೇಡ. ರಿವೈಂಡ್ ಮಾಡುವಾಗ ಒಂದು ಸುತ್ತಿಗೆ ಎರಡು ಸೆಕೆಂಡ್ ಎಂದು ಎಣಿಸಿಕೊಳ್ಳಿ, ಬಾಲ ಪೂರ್ತಿ ಒಳಗೆ ಹೋಗಲಿ. ಹೊರಗೆ ಉಳಿದರೆ ಸುಸ್ತಾದ ತಲೆಗೆ ಮುಗಿದ ರೋಲೇ ಹೊಸದಾಗಿ ಕಂಡು ಮತ್ತೆ ಹಾಕಿಬಿಡುವ ಅಪಾಯವಿದೆ.

ಊರಿಗೆ ಮರಳುವಾಗ ಜೂನ್ ಮಳೆ ಶುರುವಾಗಿರುತ್ತದೆ. ರೋಲುಗಳನ್ನು ಆಟಿ ತಿಂಗಳ ಮಳೆ ಮುಗಿಯಲಿ ಎಂದು ಇಟ್ಟುಕೊಳ್ಳದೆ ಅದೇ ವಾರ ಲ್ಯಾಬಿಗೆ ಕಳಿಸಿ. ಪ್ಯಾಕೆಟ್ಟಿನ ಮೇಲೆ ‘ಸಿ–41, ಪುಶ್ ಬೇಡ’ ಎಂದು ಬರೆಯಿರಿ (ಸಿ–41 ಕಲರ್ ನೆಗೆಟಿವ್ ತೊಳೆಯುವ ಕ್ರಮ, ಪುಶ್ ಎಂದರೆ ಹೆಚ್ಚು ಹೊತ್ತು ಡೆವಲಪ್ ಮಾಡುವುದು); ಹೆಚ್ಚು ಬೆಳಕು ಕೊಟ್ಟದ್ದಕ್ಕೆ ಡೆವಲಪಿಂಗ್‌ನಲ್ಲಿ ಏನೂ ಬದಲಿಸಬೇಕಿಲ್ಲ. ಕ್ಯಾಮೆರಾದ ಸೆಲ್ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಜೊತೆಗೆ ಇಡಿ, ಅದರ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಹಾಕಿ.