ಕೋಹೌಸಿಂಗ್‌ನಲ್ಲಿ ಕಡಿಮೆ ಆದಾಯದವರಿಗೂ ಮನೆ ಸಿಗಬೇಕಾದರೆ ಏನು ಮಾಡಬೇಕು?

ಮನೆಗಳನ್ನು ಚಿಕ್ಕದು ಮಾಡಿ, ಸಾಮೂಹಿಕ ಅಡುಗೆಮನೆ ಕೈಬಿಟ್ಟರೆ ಕಡಿಮೆ ಸಂಬಳದವರೂ ನಿಮ್ಮ ಕೋಹೌಸಿಂಗ್ ಗುಂಪಿಗೆ (ಅಂದರೆ ಪ್ರತಿ ಕುಟುಂಬಕ್ಕೂ ಪ್ರತ್ಯೇಕ ಮನೆ, ಜೊತೆಗೆ ಅಡುಗೆಮನೆಯಂಥ ಜಾಗಗಳನ್ನು ಹಂಚಿಕೊಂಡು ಎಲ್ಲರೂ ಸೇರಿ ನಡೆಸುವ ವಸತಿ) ಸೇರಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಅಡುಗೆಮನೆ ಕೈಬಿಡಬೇಡಿ. ತೊಂದರೆ ಅಲ್ಲಿಲ್ಲ.

ನಮ್ಮ ಕೋಹೌಸಿಂಗ್‌ನಲ್ಲಿ ನಾವೂ ಮೊದಲು ಕಟ್ಟಡದ ಖರ್ಚನ್ನೇ ಹಿಡಿದುಕೊಂಡು ಕೂತಿದ್ದೆವು. ಯಾವ ಟೈಲ್ಸ್, ಎಷ್ಟು ಕಿಟಕಿ, ಇದೇ ಮಾತು. ಕೊನೆಗೆ ಉಳಿತಾಯ ಇದ್ದವರೆಲ್ಲ ಸ್ವಲ್ಪ ಜಾಸ್ತಿ ಹಾಕಿ, ಎರಡು ಮನೆಗಳನ್ನು ತಗುಲಿದ ಖರ್ಚಿಗಿಂತ ಕಡಿಮೆಗೆ ಕೊಡೋಣ ಅಂತ ತೀರ್ಮಾನಿಸಿದೆವು. ಒಂದು ನರ್ಸ್ ಒಬ್ಬರ ಕುಟುಂಬಕ್ಕೆ, ಇನ್ನೊಂದು ಬಸ್ ಡ್ರೈವರ್ ಕುಟುಂಬಕ್ಕೆ. ನನ್ನ ಉಳಿತಾಯದ ದೊಡ್ಡ ಪಾಲು ಅದಕ್ಕೇ ಹೋಯಿತು. ಖುಷಿಯಿಂದಲೇ ಕೊಟ್ಟೆ.

ಕರಾರು ಸಿದ್ಧ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತಪ್ಪಾಗಿದ್ದು ಅಲ್ಲೇ. ಮುಂದೆ ಮನೆ ಮಾರುವುದಾದರೆ ಎಷ್ಟಕ್ಕೆ, ಯಾರಿಗೆ ಅನ್ನುವ ಕಲಂ ನಾನು ಹಾಕಿಸಲಿಲ್ಲ. ಮರೆತಿದ್ದಲ್ಲ. ವಕೀಲರು ಕೇಳಿದ್ದರು, ನಾನೇ ಬೇಡ ಅಂದೆ. ಈಗಷ್ಟೇ ಒಳಗೆ ಬರುತ್ತಿರುವವರ ಮುಂದೆ ಹೊರಗೆ ಹೋಗುವ ಮಾತು ಎತ್ತುವುದು ಅವಮಾನ ಅನ್ನಿಸಿತು. ಅದೂ ಕಡಿಮೆ ದುಡ್ಡಿರುವವರಿಗೆ ಮಾತ್ರ ಷರತ್ತು ಹಾಕಿದರೆ ಅವರು ಎರಡನೇ ದರ್ಜೆಯವರಾಗುತ್ತಾರೆ ಅಂತ ವಾದ ಮಾಡಿದೆ. ಬೇಕಾದರೆ ಆಮೇಲೆ ಸೇರಿಸಿದರಾಯ್ತು ಅಂದೆ. ಆದರೆ ಕ್ರಯಪತ್ರ ನೋಂದಣಿ ಆದ ಮೇಲೆ ಮನೆ ಅವರದ್ದು. ಅವರ ಸಹಿ ಇಲ್ಲದೆ ಹೊಸ ಷರತ್ತು ಸೇರುವುದಿಲ್ಲ. ಬೆಲೆ ಏರಿದ ಮೇಲೆ ಯಾರು ತಾನೇ ಸಹಿ ಹಾಕುತ್ತಾರೆ? ಅದೇ ಷರತ್ತನ್ನು ನನ್ನ ಮನೆಯೂ ಸೇರಿ ಎಲ್ಲ ಮನೆಗಳಿಗೂ ಹಾಕಿದ್ದರೆ ಯಾರಿಗೂ ಅವಮಾನ ಆಗುತ್ತಿರಲಿಲ್ಲ. ಇಷ್ಟು ಸರಳ ವಿಷಯ ಆಗ ಹೊಳೆಯಲೇ ಇಲ್ಲ.

ಕೆಲವು ವರ್ಷಗಳ ಮೇಲೆ ನರ್ಸ್ ಕುಟುಂಬ ಬೇರೆ ಕಡೆ ಹೋಗಬೇಕಾಯಿತು. ಮಾರುಕಟ್ಟೆ ಬೆಲೆಗೆ ಮಾರಿದರು. ಅವರದ್ದೇನೂ ತಪ್ಪಿಲ್ಲ, ಹೋದ ಕಡೆ ಅವರೂ ಮಾರುಕಟ್ಟೆ ಬೆಲೆಗೇ ಕೊಳ್ಳಬೇಕಿತ್ತು. ಆದರೆ ನಾವೆಲ್ಲ ಸೇರಿ ಹಾಕಿದ ದುಡ್ಡು ಆ ಒಂದೇ ಮಾರಾಟದಲ್ಲಿ ಹೊರಟುಹೋಯಿತು. ಆ ಮನೆಗಾಗಿ ಕಾದಿದ್ದ ನನ್ನ ಗೆಳತಿ ಬೆಲೆ ಕೇಳಿ ಸುಮ್ಮನಾದಳು. ಮತ್ತೆ ನಮ್ಮ ಕಡೆ ಬರಲಿಲ್ಲ.

ಡ್ರೈವರ್ ಕುಟುಂಬ ಬೇರೆ ಕಾರಣಕ್ಕೆ ಹೋಯಿತು. ಮೆಂಟೆನೆನ್ಸ್ ಎಲ್ಲರಿಗೂ ಒಂದೇ ಇಟ್ಟಿದ್ದೆವು. ಚಾವಣಿ ರಿಪೇರಿ ಬಂದಾಗ ಒಂದೇ ಸಲಕ್ಕೆ ದೊಡ್ಡ ಮೊತ್ತ ಕೇಳಿದೆವು. ನಮಗೆ ಅದು ಒಂದು ಕಿರಿಕಿರಿ, ಅವರಿಗೆ ಸಾಲ.

ಹಾಗಾಗಿ ನನ್ನ ಅಭಿಪ್ರಾಯ ಖಡಕ್ಕಾಗಿಯೇ ಇದೆ: ಕೊಳ್ಳುವ ಬೆಲೆ ಇಳಿಸುವುದು ಮೊದಲ ಕುಟುಂಬಕ್ಕೆ ಮಾತ್ರ ಸಹಾಯ. ಎರಡನೆಯವರಿಗೂ ಸಿಗಬೇಕಾದರೆ ಮನೆ ಯಾರ ಹೆಸರಿನಲ್ಲಿದೆ ಅನ್ನುವುದನ್ನೇ ಬದಲಿಸಬೇಕು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 2013ರಲ್ಲಿ ಜನ ಬಂದು ನೆಲೆಸಿದ ಲೈಲಾಕ್ ಅನ್ನುವ ಕೋಹೌಸಿಂಗ್ ನೋಡಿ. 20 ಮನೆಗಳು, ಎಲ್ಲವೂ ಸಂಘದ ಹೆಸರಿನಲ್ಲಿ. ಸದಸ್ಯರು ಕೈಗೆ ಬರುವ ಆದಾಯದ 35% ಕಟ್ಟುತ್ತಾರೆ, ಅದಕ್ಕೆ ತಕ್ಕಂತೆ ಷೇರು ಕೂಡುತ್ತದೆ. ಷೇರಿನ ಬೆಲೆ ಸಂಬಳಗಳ ಸರಾಸರಿ ಜೊತೆ ಏರುತ್ತದೆ, ಮನೆ ಬೆಲೆಯ ಜೊತೆ ಅಲ್ಲ. ಅಲ್ಲೂ ಕನಿಷ್ಠ ಆದಾಯ ಬೇಕು, ತೀರಾ ಬಡವರಿಗೆ ಅದೂ ಸಾಲದು. ಜರ್ಮನಿಯ ಮೀಟ್ಸ್‌ಹೊಯ್ಸರ್ ಸಿಂಡಿಕಾಟ್ ಅನ್ನುವ ವಸತಿ ಒಕ್ಕೂಟದ ಕ್ರಮ ಇನ್ನೂ ಗಟ್ಟಿ. ಪ್ರತಿ ಕಟ್ಟಡಕ್ಕೆ ಒಂದು ಕಂಪನಿ, ಅದರಲ್ಲಿ ಇಬ್ಬರೇ ಪಾಲುದಾರರು: ವಾಸಿಸುವವರ ಸಂಘ ಮತ್ತು ಸಿಂಡಿಕಾಟ್. ಇಬ್ಬರೂ ಒಪ್ಪದೆ ಕಟ್ಟಡ ಮಾರಲಾಗದು. ನಮ್ಮಲ್ಲಿ ಇಲ್ಲದೇ ಹೋದ ಬೀಗ ಇದೇ.

ಕೊಳ್ಳಲು ಆಗದೇ ಇರುವವರಿಗೆ ಬಾಡಿಗೆ ಮನೆಗಳನ್ನೂ ಇಡಿ. ಬಾಡಿಗೆಯವರು ಬಂದರೆ ಒಗ್ಗಟ್ಟು ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಲಂಡನ್ನಿನ ನ್ಯೂ ಗ್ರೌಂಡ್‌ನಲ್ಲಿ 50 ದಾಟಿದ ಹೆಂಗಸರೇ ಸೇರಿ ಮಾಡಿಕೊಂಡ 25 ಮನೆಗಳಿವೆ. ಅದರಲ್ಲಿ 8 ಕಡಿಮೆ ಬಾಡಿಗೆಯವು. ಆದರೆ ಅದಕ್ಕೆ ಅವರು ಸುಮಾರು 18 ವರ್ಷ ಹೋರಾಡಬೇಕಾಯಿತು.

ಇನ್ನೊಂದು ಗಮನಿಸಿ. ಜಾಗ ಕೊಳ್ಳುವಾಗ ಬ್ಯಾಂಕು ಸಾಮಾನ್ಯವಾಗಿ ಗೃಹಸಾಲ ಕೊಡುವುದಿಲ್ಲ, ಮನೆಯೇ ಇಲ್ಲವಲ್ಲ. ಕೈಯಲ್ಲಿ ದುಡ್ಡಿಲ್ಲದವರು ಅಲ್ಲೇ ಬಿಟ್ಟುಹೋಗುತ್ತಾರೆ. ಮನೆ ಕಟ್ಟುವ ಹೊತ್ತಿಗೆ ಗುಂಪಿನಲ್ಲಿ ಅನುಕೂಲಸ್ಥರೇ ಉಳಿದಿರುತ್ತಾರೆ, ಆಮೇಲೆ ಬೇರೆಯವರು ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ಉರುಗ್ವೆಯ ಪರಸ್ಪರ ನೆರವಿನ ವಸತಿ ಸಂಘಗಳಲ್ಲಿ ಕುಟುಂಬಗಳು ಮುಂಗಡ ದುಡ್ಡಿನ ಬದಲು ಕಟ್ಟಡದಲ್ಲಿ ದುಡಿಯುತ್ತವೆ. ಸರ್ಕಾರದ ಸಾಲ ಸಂಘಕ್ಕೆ ಸಿಗುತ್ತದೆ. 1968ರ ವಸತಿ ಕಾನೂನು ಅದಕ್ಕೆ ದಾರಿ ಮಾಡಿತು. ನಿಮಗೆ ಅಂಥ ಕಾನೂನಿನ ಬೆಂಬಲ ಇಲ್ಲದಿದ್ದರೂ ಮುಂಗಡವನ್ನು ಆದಾಯಕ್ಕೆ ತಕ್ಕಂತೆ ಇಡಬಹುದು. ಮೆಂಟೆನೆನ್ಸೂ ಹಾಗೇ. ರಿಪೇರಿ ನಿಧಿಗೆ ಮೊದಲ ತಿಂಗಳಿಂದಲೇ ಸ್ವಲ್ಪ ಸ್ವಲ್ಪ ಕೂಡಿಸಿ.

ಅಡುಗೆಮನೆ ವಿಷಯಕ್ಕೆ ಬಂದರೆ, ನಮ್ಮಲ್ಲಿ ಅದನ್ನು ಹೆಚ್ಚು ಬಳಸಿದ್ದೇ ಆ ಎರಡು ಕುಟುಂಬಗಳು. ಇಬ್ಬರೂ ಪಾಳಿಯಲ್ಲಿ ದುಡಿಯುವವರು. ರಾತ್ರಿ ಬಂದರೆ ಊಟ ಇರುತ್ತಿತ್ತು, ಮಕ್ಕಳು ಅಲ್ಲೇ ಓದುತ್ತಿದ್ದರು. ದೊಡ್ಡ ಅಡುಗೆಮನೆ ಇದ್ದರೇನೇ ಒಂದೊಂದು ಮನೆಯನ್ನೂ ಚಿಕ್ಕದು ಮಾಡಬಹುದು. ಎರಡನ್ನೂ ಕತ್ತರಿಸಿದರೆ ಉಳಿಯುವುದು ಬರೀ ಚಿಕ್ಕ ಮನೆಗಳು.

ಕರಾರಿನ ಕರಡು ಸಿದ್ಧವಾಗಿದ್ದರೆ, ಮರುಮಾರಾಟದ ಕಲಂ ಮಾತ್ರ ಇಲ್ಲಿ ಹಾಕಿ. ಓದಿ ಹೇಳುತ್ತೇನೆ. ಸಹಿಗೆ ಮುಂಚೆ ಹಾಕಿ.