ಮಗಳು ನಾಲ್ಕನೇ ಕ್ಲಾಸ್, ಎದುರಿಗೆ ಮೂರು ಸರ್ಕಾರಿ ಶಾಲೆ: ಯಾವುದಕ್ಕೆ ಸೇರಿಸಲಿ?

ಪ್ರಶ್ನೆ: ಬೆಂಗಳೂರು ಬಿಟ್ಟು ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿಗೆ ವಾಪಸ್ ಹೋಗುತ್ತಿದ್ದೇವೆ. ಮಗಳು ಇಲ್ಲೇ ಖಾಸಗಿ ಇಂಗ್ಲಿಷ್ ಮೀಡಿಯಂನಲ್ಲಿ ಮೂರನೇ ಕ್ಲಾಸ್ ಮುಗಿಸಿದ್ದಾಳೆ. ಊರಲ್ಲಿ ಸರ್ಕಾರಿ ಶಾಲೆಗೇ ಹಾಕುವುದು ಅಂತ ತೀರ್ಮಾನ ಮಾಡಿದ್ದೇವೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಐದನೇ ಕ್ಲಾಸ್‌ವರೆಗಿನ ಕಿರಿಯ ಪ್ರಾಥಮಿಕ ಶಾಲೆ ಇದೆ. 22 ಮಕ್ಕಳು, ಇಬ್ಬರು ಟೀಚರ್. ಮೂರು ಕಿಲೋಮೀಟರ್ ದೂರದಲ್ಲಿ ಏಳರವರೆಗಿನ ಹಿರಿಯ ಪ್ರಾಥಮಿಕ ಶಾಲೆ. ಒಂಬತ್ತು ಕಿಲೋಮೀಟರ್ ಆಚೆ ಹೋಬಳಿ ಊರಲ್ಲಿ ಕರ್ನಾಟಕ ಪಬ್ಲಿಕ್ ಸ್ಕೂಲ್. ಅಲ್ಲಿ ಇಂಗ್ಲಿಷ್ ಮೀಡಿಯಂ ಇದೆ, ಎಸ್ಸೆಸ್ಸೆಲ್ಸಿ ರಿಸಲ್ಟೂ ಚೆನ್ನಾಗಿದೆ. ನೆಂಟರೆಲ್ಲ ಅದಕ್ಕೇ ಹಾಕಿ ಅನ್ನುತ್ತಿದ್ದಾರೆ. ಹೇಗೆ ಹೋಲಿಸಿ ನೋಡುವುದು?

ಉತ್ತರ: ಮೊದಲು ಒಂದು ಭಾರ ಇಳಿಸಿಕೊಳ್ಳಿ. ನೀವು ಈಗ ಆರಿಸುತ್ತಿರುವುದು ಹತ್ತನೇ ಕ್ಲಾಸ್‌ವರೆಗಿನ ಶಾಲೆಯನ್ನಲ್ಲ, ಎರಡು ವರ್ಷದ ಶಾಲೆಯನ್ನು. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ ಎಲ್ಲದಕ್ಕೂ ಮಕ್ಕಳನ್ನು ತೆಗೆದುಕೊಳ್ಳುವುದು ಆರನೇ ಕ್ಲಾಸ್‌ಗೆ, ಐದರಲ್ಲಿ ಓದುವಾಗ ಬರೆಯುವ ಪ್ರವೇಶ ಪರೀಕ್ಷೆ ಮೇಲೆ. ಹತ್ತಿರದ ಶಾಲೆ ಐದಕ್ಕೇ ನಿಲ್ಲುತ್ತದೆ ಅನ್ನುವುದು ನಿಮಗೆ ಕೊರತೆಯೇ ಅಲ್ಲ. ಆರಕ್ಕೆ ಹೇಗಿದ್ದರೂ ಇನ್ನೊಂದು ಸಲ ಯೋಚನೆ ಮಾಡಲೇಬೇಕು, ಅಲ್ವಾ?

ನವೋದಯದ ಆಸೆ ಇದ್ದರೆ ಒಂದು ಮಾತು, ಇದು ಬಹಳ ಜನಕ್ಕೆ ತಡವಾಗಿ ಗೊತ್ತಾಗುತ್ತದೆ. ಅಲ್ಲಿ ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೆ. ಆದರೆ ಆ ಕೋಟಾ ಸಿಗಬೇಕಾದರೆ ಮೂರು, ನಾಲ್ಕು, ಐದು ಮೂರೂ ಕ್ಲಾಸನ್ನು ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಿಮ್ಮ ಮಗಳು ಮೂರನೇ ಕ್ಲಾಸ್ ಬೆಂಗಳೂರಲ್ಲಿ ಮುಗಿಸಿದ್ದಾಳೆ, ಹಾಗಾಗಿ ಈಗ ಯಾವ ಹಳ್ಳಿ ಶಾಲೆಗೆ ಹಾಕಿದರೂ ಆ ಕೋಟಾಕ್ಕೆ ಬರುವುದಿಲ್ಲ. ಪರೀಕ್ಷೆ ಬರೆಯಬಹುದು, ಪೈಪೋಟಿ ಜಾಸ್ತಿ ಅಷ್ಟೇ.

ಇನ್ನು ರಿಸಲ್ಟ್. ಪಬ್ಲಿಕ್ ಸ್ಕೂಲ್‌ನಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡ್ ಒಳಗಿರುತ್ತದೆ, ನಿಜ. ಆದರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ತಂದುಕೊಟ್ಟವರು ಹೈಸ್ಕೂಲ್ ಮೇಷ್ಟ್ರುಗಳು. ನಾಲ್ಕನೇ ಕ್ಲಾಸ್‌ಗೆ ಪಾಠ ಮಾಡುವವರು ಬೇರೆ. ಆ ಪರ್ಸೆಂಟೇಜ್ ನೋಡಿ ನಾಲ್ಕನೇ ಕ್ಲಾಸ್ ಸೀಟು ಹಿಡಿಯುವುದರಲ್ಲಿ ಅರ್ಥವಿಲ್ಲ.

ನೋಡಬೇಕಾದ್ದು ಒಂದೇ: ಮುಂದಿನ ಎರಡು ವರ್ಷ ನಿಮ್ಮ ಮಗಳ ಎದುರು ನಿಲ್ಲುವವರು ಯಾರು, ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತಾರೆ. ಇಬ್ಬರು ಟೀಚರ್ ಇರುವ ಶಾಲೆಯಲ್ಲಿ ಸಾಮಾನ್ಯವಾಗಿ ಒಬ್ಬರು ಒಂದರಿಂದ ಮೂರರವರೆಗಿನ ನಲಿ-ಕಲಿ (ಮೂರೂ ಕ್ಲಾಸಿನವರು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿ) ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ನಾಲ್ಕು ಮತ್ತು ಐದನ್ನು. 22 ಮಕ್ಕಳಲ್ಲಿ ನಾಲ್ಕು-ಐದು ಸೇರಿ ಎಂಟೋ ಒಂಬತ್ತೋ ಇರಬಹುದು. ಎಂಟು ಮಕ್ಕಳಿಗೆ ಒಬ್ಬ ಟೀಚರ್ ಅಂದರೆ ಬೆಂಗಳೂರಲ್ಲಿ ಲಕ್ಷ ಕೊಟ್ಟರೂ ಸಿಗಲ್ಲ.

ಆದರೆ ಅದು ಕಾಗದದ ಮೇಲೆ. ಇಬ್ಬರಲ್ಲಿ ಒಬ್ಬರು ಹೆಡ್‌ಮೇಷ್ಟ್ರು. ಮೀಟಿಂಗು, ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಕಂಪ್ಯೂಟರಿಗೆ ಮಾಹಿತಿ ತುಂಬುವುದು ಎಲ್ಲ ಅವರ ತಲೆ ಮೇಲೆ. ನಾನು ಸಿಆರ್‌ಪಿ (ಸುತ್ತಮುತ್ತಲ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಆಗಿದ್ದಾಗ ಹಳ್ಳಿ ಶಾಲೆಗಳಲ್ಲಿ ಪದೇ ಪದೇ ಕಂಡ ದೃಶ್ಯ ಇದು: ಒಬ್ಬರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿರುತ್ತಾರೆ, ಇನ್ನೊಬ್ಬರು ಐದೂ ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಾಪಿ ಬರೆಸುತ್ತಿರುತ್ತಾರೆ. ಅದಕ್ಕೇ ನೇರವಾಗಿ ಕೇಳಿ: ಇಬ್ಬರೂ ಕಾಯಂ ಶಿಕ್ಷಕರಾ, ಒಬ್ಬರು ಅತಿಥಿ ಶಿಕ್ಷಕರಾ, ಯಾರನ್ನಾದರೂ ವಾರದಲ್ಲಿ ಕೆಲವು ದಿನ ಬೇರೆ ಶಾಲೆಗೆ ನಿಯೋಜನೆ ಮೇಲೆ ಕಳಿಸುತ್ತಾರಾ, ವರ್ಗಾವಣೆ ಬಾಕಿ ಇದೆಯಾ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 60 ಮಕ್ಕಳವರೆಗೆ ಇಬ್ಬರು ಟೀಚರ್ ಇರಬೇಕು, ಆದರೆ ಹುದ್ದೆ ಇರುವುದು ಬೇರೆ, ಟೀಚರ್ ಇರುವುದು ಬೇರೆ.

ಶಾಲೆಗಳ ಅಂಕಿಅಂಶ ಇಡುವ ಸರ್ಕಾರದ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಪ್ರತಿ ಶಾಲೆಯ ರಿಪೋರ್ಟ್ ಕಾರ್ಡ್ ಸಿಗುತ್ತದೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಕೋಡ್ ಇರುತ್ತದೆ, ನಮ್ಮ ರಾಜ್ಯದ್ದು 29ರಿಂದ ಶುರು. ಕ್ಲಾಸ್‌ವಾರು ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಶೌಚಾಲಯ, ಕರೆಂಟು ಎಲ್ಲ ಅದರಲ್ಲಿರುತ್ತದೆ. ಅಲ್ಲಿರುವುದು ಹಳೇ ಸಾಲಿನ ಲೆಕ್ಕ, ಅಷ್ಟು ಗಮನದಲ್ಲಿರಲಿ. ಮಕ್ಕಳ ಸಂಖ್ಯೆ ವರ್ಷ ವರ್ಷ ಜಾರುತ್ತಿದ್ದರೆ ಊರವರು ಯಾಕೆ ಬಿಡಿಸುತ್ತಿದ್ದಾರೆ ಅಂತ ವಿಚಾರಿಸಿ.

ಆಮೇಲೆ ಮೂರೂ ಶಾಲೆಗೆ ಒಂದೊಂದು ಸಲ ಹೋಗಿ ಬನ್ನಿ. ಆಗಸ್ಟ್ 15ರಂದು ಬೇಡ, ಸುಮ್ನೆ ಒಂದು ಮಾಮೂಲಿ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಹೆಡ್‌ಮೇಷ್ಟ್ರ ಒಪ್ಪಿಗೆ ಕೇಳಿ ನಾಲ್ಕನೇ ಕ್ಲಾಸ್‌ನಲ್ಲಿ ಕೂತುಕೊಳ್ಳಿ. ಅವರೇ ಎತ್ತಿಕೊಡುವ ಜಾಣ ಹುಡುಗಿಯ ನೋಟ್ಸ್ ಬೇಡ, ಹಿಂದಿನ ಸಾಲಿನ ಮಗುವಿನದು ತೆಗೆದು ನೋಡಿ. ತಾರೀಖು ಬಿಟ್ಟುಹೋಗಿವೆಯಾ? ಭಾಗಾಕಾರದ ಲೆಕ್ಕ ತಪ್ಪಿದಾಗ ಕೆಂಪು ಇಂಕಿನಲ್ಲಿ ಬರೀ ಸಹಿ ಇದೆಯಾ, ಎಲ್ಲಿ ತಪ್ಪಿತು ಅಂತ ಪಕ್ಕದಲ್ಲಿ ಮತ್ತೆ ಮಾಡಿಸಿದ್ದಾರಾ? ಇದೇ ದೊಡ್ಡ ವ್ಯತ್ಯಾಸ. ಸ್ಮಾರ್ಟ್ ಕ್ಲಾಸ್ ಟಿವಿ, ಹೊಸ ಬಣ್ಣ ಎಲ್ಲ ಆಮೇಲೆ ನೋಡಿದರಾಯಿತು. ಶೌಚಾಲಯ ಮಾತ್ರ ನೋಡಲೇಬೇಕು. ಬೀಗ ಹಾಕಿದ್ದಾರೆ ಅಂದರೆ ಹುಡುಗಿ ದಿನವಿಡೀ ನೀರು ಕುಡಿಯುವುದಿಲ್ಲ.

ಪಬ್ಲಿಕ್ ಸ್ಕೂಲ್‌ನ ಇಂಗ್ಲಿಷ್ ಮೀಡಿಯಂ ಬಗ್ಗೆ. ಸರ್ಕಾರಿ ಶಾಲೆಗಳಲ್ಲಿ ಈ ವಿಭಾಗಗಳು ದೊಡ್ಡ ಪ್ರಮಾಣದಲ್ಲಿ ಶುರುವಾಗಿದ್ದು 2019ರಲ್ಲಿ, ಇದ್ದ ಶಿಕ್ಷಕರಿಗೇ ತರಬೇತಿ ಕೊಟ್ಟು. ಹಾಗಾಗಿ ಬೋರ್ಡ್ ನೋಡಬೇಡಿ, ಗಣಿತದ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಅಂತ ಕಿಟಕಿ ಪಕ್ಕ ನಿಂತು ಕೇಳಿ. ಕನ್ನಡ ಶಾಲೆಯಲ್ಲೂ ಒಂದನೇ ಕ್ಲಾಸ್‌ನಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದ್ದೇ ಇದೆ. ನಿಮ್ಮ ಮಗಳಿಗೆ ಕಷ್ಟವಾಗುವುದು ಇಂಗ್ಲಿಷ್ ಅಲ್ಲ, ಕನ್ನಡ ಓದುವ ವೇಗ. ಎರಡು ವರ್ಷದಲ್ಲಿ ಅದು ಕೈಗೆ ಬಂದರೆ ಒಳ್ಳೆಯದೇ.

ದಾರಿಯ ವಿಷಯ ನಿಮಗೇ ಗೊತ್ತು, ನಿಮ್ಮದು ಮಲೆನಾಡು. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್‌ನಲ್ಲಿ ಹುಡುಗಿಗೆ ಟಿಕೆಟ್ ಖರ್ಚಿಲ್ಲ, ಆದರೆ ಆ ಭಾಗದಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್. ಶಾಲೆ ಬಿಟ್ಟ ಮೇಲೆ ಬಸ್ ಎಷ್ಟು ಹೊತ್ತಿಗೆ, ಅದು ತಪ್ಪಿದರೆ ಮುಂದಿನದು ಯಾವಾಗ ಅಂತ ಜುಲೈ ಮಳೆಯನ್ನು ನೆನಪಿಟ್ಟುಕೊಂಡು ವಿಚಾರಿಸಿ. ಒಂಬತ್ತು ವರ್ಷದ ಮಗು ಅದು.

ನನ್ನನ್ನು ಕೇಳಿದರೆ, ಊರ ಶಾಲೆಯಲ್ಲಿ ಇಬ್ಬರೂ ಕಾಯಂ ಇದ್ದು, ನಾಲ್ಕು-ಐದರಲ್ಲಿ ಐದಾರು ಮಕ್ಕಳಾದರೂ ಇದ್ದರೆ ಕಣ್ಣು ಮುಚ್ಚಿ ಅಲ್ಲಿಗೇ ಸೇರಿಸಿ. ಒಬ್ಬರೇ ಟೀಚರ್ ಇದ್ದರೆ, ಅಥವಾ ಅವಳ ಕ್ಲಾಸ್‌ನಲ್ಲಿ ಅವಳೊಬ್ಬಳೇ ಆದರೆ ಬೇಡ. ಆಗ ಮೂರು ಕಿಲೋಮೀಟರಿನ ಹಿರಿಯ ಪ್ರಾಥಮಿಕ ಶಾಲೆ ಸರಿ. ಪಬ್ಲಿಕ್ ಸ್ಕೂಲ್ ಆರನೇ ಕ್ಲಾಸ್‌ಗೆ ಇಟ್ಟುಕೊಳ್ಳಿ.

ದಾಖಲಾತಿಗೆ ಈಗಿನ ಶಾಲೆಯಿಂದ ಟಿಸಿ ಮತ್ತು ಎಸ್‌ಎಟಿಎಸ್ ನಂಬರ್ (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಕೊಡುವ ಗುರುತಿನ ಸಂಖ್ಯೆ) ತರಬೇಕು. ಖಾಸಗಿ ಶಾಲೆಯವರು ಟಿಸಿ ಕೊಡಲು ಎಳೆದಾಡಿದರೆ ಹೆದರಬೇಡಿ. ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಆರ್‌ಟಿಇ ಕಾಯ್ದೆಯ 5ನೇ ಕಲಂನಲ್ಲಿ ಹಾಗಂತ ಬರೆದಿದೆ, ಹೆಡ್‌ಮೇಷ್ಟ್ರು ಅನುಮಾನ ಪಟ್ಟರೆ ಅದನ್ನೇ ತೋರಿಸಿ.